ಹಪ್ಪಳ ಕಾದವನು

ಬೆಳಿಗ್ಗೆ ಎದ್ದಾಗಿನಿಂದ ಹುಲಿಯಪ್ಪ ಅಂಗಿಯ ಜೇಬನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದ. ಮಗಳು ವಿಶಾಲಳನ್ನು ಹೊಸನಗರದ ಹೈಸ್ಕೂಲಿಗೆ ಸೇರಿಸುವ ಅರ್ಜಿ ಅದರಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಅರ್ಜಿಯ ತಳದಲ್ಲಿ ತಂದೆಯ ರುಜುವಿಗೆ ಬಿಟ್ಟ ಗೆರೆಯೊಂದು ಖಾಲಿ ಇತ್ತು. ಇವತ್ತು ಸಂಜೆ ನಾಲ್ಕರೊಳಗೆ ರುಜು ಹಾಕಿ ತಂದುಕೊಡದಿದ್ದರೆ ಮುಗಿಯಿತು ಎಂದು ನಿನ್ನೆ ಹೆಡ್‌ಮಾಸ್ಟರು ಮಂಜುನಾಥಪ್ಪ ಹೇಳಿದ್ದರು. ಮುಂದಿನ ವರ್ಷ ಅವರು ರಿಟೈರಾಗುತ್ತಾರೆ. ಹದಿಮೂರು ವರ್ಷವಾದರೂ ಸ್ಕೂಲಿನ ಮೆಟ್ಟಿಲೇ ಹತ್ತದ ಹುಡುಗಿಯನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿ ಎಂಟನೇ ಕ್ಲಾಸಿಗೆ ಹಾಕಿಕೊಳ್ಳುವ ಉಸಾಬರಿ ಆಮೇಲೆ ಬರುವವರಿಗೆ ಬೇಕಿರುವುದಿಲ್ಲ. ಪೇಟೆಗೆ ಇರುವುದು ಹನ್ನೊಂದೂವರೆಯ ಬಸ್ಸು ಒಂದೇ. ವಿಶಾಲ ಆಗಲೇ ಮಿಂದು, ತಲೆ ಬಾಚಿ, ಹಸಿರು ಲಂಗ ಉಟ್ಟು, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದಳು. ಅವಳ ಬೈತಲೆ ಅಷ್ಟು ನೇರವಾಗಿರುವುದನ್ನು ಕಂಡೇ ಅವನಿಗೆ ಮೈ ಉರಿಯಿತು. ನಿನ್ನೆ ಮಾಡುವುದನ್ನು ಮಾಡಿ ಇವತ್ತು ಏನೂ ಆಗದವಳ ಹಾಗೆ ಬೈತಲೆ ತೆಗೆದುಕೊಂಡು ಕೂತಿದ್ದಾಳೆ. ಅಂಗಳದಲ್ಲಿ ಹೆಂಡತಿ ಹೂವಮ್ಮ ಚಾಪೆ ಬಿಚ್ಚಿ ಹಲಸಿನ ಹಪ್ಪಳ ಹರವುತ್ತಿದ್ದಳು. ಚಿಕ್ಕವಳು ಕೆರಿಯಮ್ಮ ಕಾಗೆ ಓಡಿಸುವ ಕೋಲನ್ನು ಹಿಡಿದು ಅಮ್ಮನ ಹಿಂದೆ ಹಿಂದೆ ಸುತ್ತುತ್ತಿದ್ದಳು.

ಹಪ್ಪಳ ಒಣಗುವಾಗ ಏಳುವ ಆ ಹಸಿ ಹಲಸಿನ, ಮೆಣಸಿನ ವಾಸನೆ ಹುಲಿಯಪ್ಪನಿಗೆ ಹತ್ತು ವರ್ಷದವನಿದ್ದಾಗಿನಿಂದ ಆಗಿಬರುವುದಿಲ್ಲ. ಕರಿದ ಹಪ್ಪಳವನ್ನು ತಿನ್ನುತ್ತಾನೆ, ಎರಡು ಹೆಚ್ಚೇ ತಿನ್ನುತ್ತಾನೆ. ಬಿಸಿಲಿಗೆ ಹಾಕಿದ್ದನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತಾನೆ. ಹೂವಮ್ಮನಿಗೆ ಇದು ಮದುವೆಯಾದ ವರ್ಷವೇ ಗೊತ್ತಾಗಿತ್ತು. ಗೊತ್ತಾಗದೆ ಉಳಿಯುವುದು ಹೇಗೆ, ಆ ಕತೆಯನ್ನು ಅವನು ಊಟಕ್ಕೆ ಕೂತಾಗ ಹೇಳಿದ್ದಾನೆ, ಗದ್ದೆ ಬದುವಿನ ಮೇಲೆ ಹೇಳಿದ್ದಾನೆ, ಅವಳು ವಿಶಾಲಳನ್ನು ಹೆತ್ತು ಇನ್ನೂ ಬಾಣಂತಿ ಕೋಣೆಯಲ್ಲಿದ್ದಾಗ ಹೊರಗೆ ನಿಂತೂ ಹೇಳಿದ್ದಾನೆ. ಹಾವಿನ ಹಗೆಗೂ ಹನ್ನೆರಡು ವರ್ಷಕ್ಕೆ ಕೊನೆ ಉಂಟಂತೆ. ಇವನದು ಇಪ್ಪತ್ತೇಳನೆಯ ವರ್ಷ ನಡೆಯುತ್ತಿತ್ತು.

ಬ್ಯಾಕೋಡಿನ ಆಚೆ, ಈಗ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿಗೆ ಹೋಗಿರುವ ಊರಿನಲ್ಲಿ, ಒಡೆಯರ ಹಳೇ ದನದ ಕೊಟ್ಟಿಗೆಯೇ ಸ್ಕೂಲು. ಒಬ್ಬರೇ ಮೇಷ್ಟ್ರು, ಆಗಿನ್ನೂ ಮೀಸೆ ದಪ್ಪವಾಗದ ಮಂಜುನಾಥಪ್ಪ. ಗೇಣಿ ಒಕ್ಕಲಿನ ಮನೆಯಿಂದ ಸ್ಕೂಲಿಗೆ ಬರುತ್ತಿದ್ದವನು ಹುಲಿಯಪ್ಪ ಒಬ್ಬನೇ. ಪದ್ಯವನ್ನು ಒಂದು ಸಲ ಕೇಳಿದರೆ ಸಾಕು, ಎರಡನೇ ಸಲ ಅವನೇ ಹೇಳುತ್ತಿದ್ದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಹಾಗೆ ಕಣ್ಣು ಮುಚ್ಚಿಕೊಂಡು ಕೇಳಿದವರೇ, ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ, ಅವನು ಒಗೆದ ಅಂಗಿ ಹಾಕಿ ಎಣ್ಣೆ ಹಚ್ಚಿದ ತಲೆಯಲ್ಲಿ ಬಾಗಿಲಿಗೆ ಬಂದಾಗ, "ಹುಲಿಯಾ, ಒಡೇರ ಮನೆ ಅಂಗಳದಲ್ಲಿ ಹಪ್ಪಳ ಹಾಕ್ಯಾರೆ, ಹೋಗಿ ಕಾಗೆ ಕಾಯಿ" ಎಂದರು. ಅವನು ಹೋದ. ಹೋಗದೆ ಏನು ಮಾಡಲಿಕ್ಕಿತ್ತು. ಕೋಲು ಹಿಡಿದು ಬಿಸಿಲಲ್ಲಿ ಕೂತವನಿಗೆ ಕೊಟ್ಟಿಗೆಯಿಂದ ಒಡೆಯರ ಮಗ ಪದ್ಯ ಹೇಳುವುದು ಕೇಳಿಸಿತು. ಮೂರನೇ ಸಾಲಿನಲ್ಲಿ ಅವನು ತಡವರಿಸಿದ. ಹುಲಿಯಪ್ಪ ಅಂಗಳದಲ್ಲಿ ಕೂತೇ ಆ ಸಾಲನ್ನು ಹೇಳಿದ. ಅಲ್ಲಿದ್ದದ್ದು ಕಾಗೆಗಳು, ಕಾಗೆಗಳೇ ಕೇಳಿಸಿಕೊಂಡವು. ಮಧ್ಯಾಹ್ನ ಇನ್ಸ್‌ಪೆಕ್ಟರ ಗಾಡಿ ಹೋದಮೇಲೆ ಒಡೆಯರ ಮಗ ಕೆಂಪು ರಟ್ಟಿನ ಬಹುಮಾನದ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದು, ಹಪ್ಪಳವೊಂದು ಕಮ್ಮಿಯಾಗಿದೆ ಎಂದು ಇವನನ್ನೇ ನೋಡಿದ. ಮಾರನೆಯ ದಿನದಿಂದ ಹುಲಿಯಪ್ಪ ಸ್ಕೂಲಿಗೆ ಹೋಗಲಿಲ್ಲ. ಮೇಷ್ಟ್ರು ಕರೆದುಕೊಂಡು ಬಾ ಎಂದು ಯಾರನ್ನೂ ಕಳಿಸಲಿಲ್ಲ ಕೂಡ.

ಆಮೇಲಿನದೆಲ್ಲ ಅವನೇ ದಕ್ಕಿಸಿಕೊಂಡದ್ದು. ತಾಳಮದ್ದಳೆಯ ಕೂಟದಲ್ಲಿ ಮೂಲೆಯಲ್ಲಿ ಕೂತು ಕೇಳಿ ಕೇಳಿ ಅವನೇ ಒಳ್ಳೆಯ ಅರ್ಥಧಾರಿಯಾದ. ವೇಷವಿಲ್ಲ, ಕುಣಿತವಿಲ್ಲ, ಭಾಗವತ ಪದ್ಯ ಹಾಡುತ್ತಾನೆ, ಇಬ್ಬರು ಎದುರುಬದುರು ಕೂತು ಬರೀ ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ, ಆ ಮಾತಿಗೇ ಅರ್ಥ ಎನ್ನುವುದು. ಒಬ್ಬ ಹೇಳಿ ಮುಗಿಸಿದರೆ ಎದುರಿನವನು ಸುಮ್ಮನಿರುವಂತಿಲ್ಲ, ತನ್ನ ಪಾತ್ರದ ನ್ಯಾಯವನ್ನು ಅವನು ಹೇಳಲೇಬೇಕು. ತೀರ್ಥಹಳ್ಳಿಯ ಅಂಗಡಿಯೊಂದರಿಂದ ಒಂದೊಂದಾಗಿ ತಂದ ಪ್ರಸಂಗದ ಪುಸ್ತಕಗಳು ತಗಡಿನ ಪೆಟ್ಟಿಗೆಯ ತುಂಬ ಆದವು. ಮುಳುಗಡೆಯ ಲಾರಿ ಬಂದಾಗ ಊರವರು ದೇವರನ್ನು, ಒರಳನ್ನು, ಬಾಗಿಲ ಚೌಕಟ್ಟನ್ನು ಹೇರಿಕೊಂಡರೆ ಇವನು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ವಿಶಾಲಳಿಗೆ ಏಳು ತುಂಬಿದಾಗ, ಆ ಕೊಟ್ಟಿಗೆಗೆ ನನ್ನ ಮಕ್ಕಳು ಕಾಲಿಡಬಾರದು ಎಂದು ಮನೆಯಲ್ಲೇ ಪಾಠ ಶುರುಮಾಡಿದ್ದ. ಹೊಸ ಊರಿಗೆ ಬಂದು, ಅಲ್ಲಿಗೆ ಸರ್ಕಾರಿ ಸ್ಕೂಲೂ ಬಂದು, ಅದಕ್ಕೆ ಹಂಚು ಹೊದೆಸಿದಮೇಲೂ ಕಳಿಸಲಿಲ್ಲ.

ಅವನ ಸ್ಕೂಲಿನಲ್ಲಿ ಕತೆ ಬಿಟ್ಟರೆ ಬೇರೆ ಪಠ್ಯವಿರಲಿಲ್ಲ. ಮಗಳು ಅಕ್ಷರ ಕಲಿತದ್ದು ಪ್ರಸಂಗದ ಪದ್ಯದಲ್ಲಿ. ಲೆಕ್ಕ ಕಲಿತದ್ದು ಸೈನ್ಯದ ಆನೆ ಕುದುರೆಗಳನ್ನು ಕೂಡಿ ಕಳೆದು. ರಾಜನ ದಂಡು ಆಗುಂಬೆಯ ಘಾಟಿ ಇಳಿದು ಕಡಲಿಗೆ ಹೋಗಬೇಕಾದರೆ ಎಷ್ಟು ಹಳ್ಳ ದಾಟಬೇಕು, ಮಳೆಗಾಲವಾದರೆ ಎಲ್ಲಿ ಬೀಡು ಬಿಡಬೇಕು ಎಂದು ನೆಲದಲ್ಲಿ ಗೆರೆ ಎಳೆದು ಭೂಗೋಳ. ಸೋತ ರಾಜ ತಾಯಿಗೆ ಬರೆಯುವ ಕಾಗದ ಅವಳ ಕಾಪಿ ಬರಹ. ಪಕ್ಕದ ಮನೆಯ ವಾಸಪ್ಪ ಬೇಲಿಯಾಚೆಯಿಂದ, "ಎಂತಾ ಹುಲಿಯಪ್ಪಣ್ಣ, ಹುಡುಗಿಗೆ ಬರೀ ಯುದ್ಧ ಕಲಿಸ್ತೀಯಲ್ಲ, ಅತ್ತೆ ಸಂಗ್ತಿ ಜಗಳಕ್ಕಾ" ಎಂದು ತಮಾಷೆ ಮಾಡುತ್ತಿದ್ದ. ಪ್ರತಿ ದಿನದ ಪಾಠ ಮುಗಿಯುತ್ತಿದ್ದದ್ದು ಅರ್ಥದಲ್ಲಿ. ಅವನಿಗೆ ಬಲು ಇಷ್ಟದ ಭಾಗವೊಂದಿತ್ತು. ದೂತನೊಬ್ಬ ಸಭೆಗೆ ಬರುತ್ತಾನೆ, ರಾಜ ಅವನಿಗೆ ಆಸನ ಕೊಡುವುದಿಲ್ಲ, ನಿಂತೇ ಇದ್ದು ದೂತ ತನ್ನ ಅವಮಾನವನ್ನು ಹೇಳುತ್ತಾನೆ. ದೂತ ಯಾವಾಗಲೂ ಹುಲಿಯಪ್ಪನೇ. ಆ ಪಾತ್ರವನ್ನು ಅವನು ಕೂಟದಲ್ಲೂ ಬಿಟ್ಟುಕೊಟ್ಟವನಲ್ಲ, ಮನೆಯಲ್ಲೂ ಬಿಟ್ಟುಕೊಡಲಿಲ್ಲ. ಎದುರಿಗೆ ಯಾರಾದರೂ ಬೇಕಲ್ಲ, ಹಾಗಾಗಿ ರಾಜ ವಿಶಾಲ. ಒಮ್ಮೆ, ಹತ್ತು ವರ್ಷದವಳಿದ್ದಾಗ, "ಅಪ್ಪಯ್ಯಾ, ಇವತ್ತು ನಾನು ದೂತ ಆಗ್ತೀನಿ" ಎಂದಿದ್ದಳು. "ಅದು ಅನುಭವಿಸಿದವರ ಪಾತ್ರ, ನಿನಗೆ ಬರಾದಲ್ಲ, ಹೋಗು" ಎಂದುಬಿಟ್ಟಿದ್ದ.

ಹೊಸನಗರದ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದವರು ಅದೇ ಮಂಜುನಾಥಪ್ಪ ಎಂದು ಎರಡು ವರ್ಷದ ಹಿಂದೆ ಗೊತ್ತಾದಾಗ ಹುಲಿಯಪ್ಪ ಖುಷಿಯಿಂದ ಪೆಟ್ಟಿಗೆಯ ಪುಸ್ತಕಗಳನ್ನೆಲ್ಲ ಹೊರಗೆ ಹರವಿಕೊಂಡು ಕೂತ. ಅಂದಿನಿಂದ ಪಾಠ ಬಿಗಿಯಾಯಿತು. ಎಲ್ಲ ಪಾಠದ ಕೊನೆಗೆ ಒಂದು ವಾಕ್ಯವನ್ನು ಮಗಳಿಂದ ಹೇಳಿಸುತ್ತಿದ್ದ. ಪರೀಕ್ಷೆ ಮಾಡಿದವರು ಬೆರಗಾಗಿ, ಯಾರಮ್ಮ ನಿನಗೆ ಕಲಿಸಿದ್ದು ಎಂದು ಕೇಳಿಯೇ ಕೇಳುತ್ತಾರೆ. ಆಗ ಅವಳು ತಲೆ ತಗ್ಗಿಸದೆ, 'ಇನ್ಸ್‌ಪೆಕ್ಟರು ಬಂದ ದಿವಸ ನೀವು ಹಪ್ಪಳ ಕಾಯಕ್ಕೆ ಕಳಿಸಿದ್ರಲ್ಲ, ಆ ಹುಡುಗ' ಎನ್ನಬೇಕು. ಎಂಟನೇ ಕ್ಲಾಸು ಸಿಕ್ಕಿದರೆ ಸಿಕ್ಕಲಿ. ಅವನಿಗೆ ಬೇಕಾಗಿದ್ದದ್ದು ಆ ವಾಕ್ಯ ಬಿದ್ದಾಗ ಆ ಮುಖ ಹೇಗಾಗುತ್ತದೆ ಎಂಬುದು.

ನಿನ್ನೆ ಬಾಗಿಲಲ್ಲಿ ನಿಂತಾಗಲೇ ಲೆಕ್ಕ ಒಂದು ತಪ್ಪಿತು. ತನ್ನನ್ನು ನಿಲ್ಲಿಸಿಯೇ ಮಾತಾಡಿಸುತ್ತಾರೆ ಎಂದುಕೊಂಡಿದ್ದ. ನಿಂತೇ ಇರಬೇಕೆಂದು ಆಸೆಯೂ ಪಟ್ಟಿದ್ದ. ಆದರೆ ಆ ನರೆತ, ಕನ್ನಡಕದ ಮನುಷ್ಯ, "ಬಾರಪ್ಪ, ಬಿಸಿಲಲ್ಲಿ ಬಂದೀಯ, ಕೂತ್ಕೊ" ಎಂದು ಕುರ್ಚಿಯನ್ನು ತಾನೇ ಎಳೆದುಕೊಟ್ಟ. ಕೂರುವುದೋ ಬೇಡವೋ ತಿಳಿಯದೆ ಹುಲಿಯಪ್ಪ ಅರ್ಧ ಕೂತ. ವಿಶಾಲ ಓದಿದಳು, ಉಕ್ತಲೇಖನ ಬರೆದಳು, ಲೆಕ್ಕದಲ್ಲಿ ಒಂದನ್ನು ತಪ್ಪಿ ತಾನೇ ತಿದ್ದಿಕೊಂಡಳು, ಘಾಟಿಯ ದಾರಿಯನ್ನು ಬೆರಳಲ್ಲಿ ಮೇಜಿನ ಮೇಲೆ ಎಳೆದು ತೋರಿಸಿದಳು. ಪದ್ಯವೊಂದನ್ನು ಹೇಳುವಾಗ ಮಂಜುನಾಥಪ್ಪ ಕಣ್ಣು ಮುಚ್ಚಿಕೊಂಡರು. ಆ ಕಣ್ಣು ಮುಚ್ಚಿದ ಮುಖವನ್ನು ನೋಡುತ್ತ ಹುಲಿಯಪ್ಪ ಕುರ್ಚಿಯ ಅಂಚಿಗೆ ಸರಿದ. ಕೊನೆಗೂ ಆ ಪ್ರಶ್ನೆ ಬಂತು.

"ಯಾರಮ್ಮ ನಿನಗೆ ಇಷ್ಟೆಲ್ಲ ಕಲಿಸಿದ್ದು?"

ವಿಶಾಲ ಕಲಿಸಿದ ಹಾಗೆಯೇ, ಒಂದಕ್ಷರ ಆಚೀಚೆ ಆಗದಂತೆ ಹೇಳಿದಳು.

ಮಂಜುನಾಥಪ್ಪ ಕಣ್ಣು ತೆರೆದು ಅವಳನ್ನು ನೋಡಿದರು, ಆಮೇಲೆ ಹುಲಿಯಪ್ಪನನ್ನು ನೋಡಿದರು. "ಹಪ್ಪಳವಾ?" ಎಂದರು. "ಯಾವೂರಲ್ಲಿ? ನಂಗೆ ನೆನಪಾಗಾದಿಲ್ಲ ಮಾರಾಯ."

ನೆನಪಿಲ್ಲವಂತೆ. ಇಪ್ಪತ್ತೇಳು ವರ್ಷ ಇವನು ಹೊತ್ತು ತಿರುಗಿದ್ದು ಆ ಮನುಷ್ಯನ ತಲೆಯಲ್ಲಿ ಒಂದು ದಿನವೂ ಇರಲಿಲ್ಲ. ಹುಲಿಯಪ್ಪ ಎದ್ದು ನಿಂತ. ಕೊಟ್ಟಿಗೆ, ಒಗೆದ ಅಂಗಿ, ಬಿಸಿಲು, ಮೂರನೇ ಸಾಲು, ಕೆಂಪು ರಟ್ಟು, ಎಲ್ಲವನ್ನೂ ಹೇಳಿದ. ಕೂಟದಲ್ಲಿ ಹೇಳುವ ಹಾಗೆ ಏರಿಸಿ ಇಳಿಸಿ ಹೇಳಬೇಕೆಂದಿದ್ದದ್ದು ಬಾಯಿಗೆ ಬರುವಾಗ ಚಾಡಿಯ ಹಾಗೆ ಬಂತು. "ಹಾಡಕ್ಕೆ ಬರದೋನನ್ನ ಕಳಿಸಿದ್ರೆ ನ್ಯಾಯ ಇತ್ತು ಮೇಷ್ಟ್ರೇ. ಬತ್ತದೆ ಅಂತ ಗೊತ್ತಿದ್ದೇ ಕಳಿಸಿದ್ರಲ್ಲ" ಎನ್ನುವಾಗ ದನಿ ಒಡೆಯಿತು. ಬಾಗಿಲಲ್ಲಿ ಗುಮಾಸ್ತ ಇಣುಕಿದ. ಮಂಜುನಾಥಪ್ಪ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿ, ಮತ್ತೆ ಕೆದರಿ, ಮತ್ತೆ ಜೋಡಿಸಿದರು. ನೆನಪಾಗಿರಬೇಕು. ಆ ತಡಬಡಿಸುವ ಕೈಯನ್ನು ಇನ್ನೊಂದು ನಿಮಿಷ ನೋಡಲು ಸಿಕ್ಕಿದ್ದರೆ ಸಾಕಿತ್ತು, ಹುಲಿಯಪ್ಪನ ಜನ್ಮ ಸಾರ್ಥಕವಾಗುತ್ತಿತ್ತು.

ಆದರೆ ಆರು ವರ್ಷದಿಂದ ಅಪ್ಪ ಮಾತು ನಿಲ್ಲಿಸಿದ ಕೂಡಲೇ ತನ್ನ ಮಾತು ಎತ್ತಿಕೊಳ್ಳುವುದು ವಿಶಾಲಳಿಗೆ ರೂಢಿ. ಅವಳು ಬೆನ್ನು ನೆಟ್ಟಗೆ ಮಾಡಿ, ರಾಜನ ಮಾತಿಗೆ ಇಟ್ಟುಕೊಂಡಿದ್ದ ದನಿಯಲ್ಲಿ, ಮಂಜುನಾಥಪ್ಪನವರ ಪಾತ್ರವನ್ನು ಎತ್ತಿಕೊಂಡಳು.

"ಬಂದವನೇ, ಕೇಳು. ನನಗಾಗ ಇಪ್ಪತ್ತೇಳು ವಯಸ್ಸು. ಸ್ಕೂಲು ನಡೆಯುವುದು ಒಡೆಯರ ಕೊಟ್ಟಿಗೆಯಲ್ಲಿ, ನನ್ನ ಊಟ ಒಡೆಯರ ಅಡಿಗೆಮನೆಯಲ್ಲಿ. ಉಂಡ ಮನೆಯ ಜಂತೆ ಎಣಿಸುವ ಧೈರ್ಯ ನನಗಿರಲಿಲ್ಲ. ಅಂದು ನೀನು ಹಾಡಿದ್ದರೆ ಬಹುಮಾನ ನಿನ್ನದು, ನಿಜ. ಒಡೆಯರ ಮಗ ಸೋತ ಮಾರನೆಯ ದಿನವೇ ಆ ಕೊಟ್ಟಿಗೆಗೆ ಮತ್ತೆ ದನ ಬರುತ್ತಿದ್ದವು, ಸ್ಕೂಲು ಮುಚ್ಚುತ್ತಿತ್ತು. ಇಪ್ಪತ್ತೆಂಟು ಮಕ್ಕಳ ಅಕ್ಷರಕ್ಕೆ ನಿನ್ನೊಬ್ಬನ ಒಂದು ದಿನವನ್ನು ತೆತ್ತೆ. ತಪ್ಪೆ? ತಪ್ಪು. ಒಪ್ಪಿದೆ. ಆದರೆ ನನ್ನ ಜಾಗದಲ್ಲಿ ಒಂದು ಗಳಿಗೆ ಕೂತು ಹೇಳು, ನೀನಾದರೆ ಏನು ಮಾಡುತ್ತಿದ್ದೆ?"

ಕೊಟ್ಟಿಗೆ, ಅಡಿಗೆಮನೆ, ಇಪ್ಪತ್ತೆಂಟು ಮಕ್ಕಳು, ಇವೆಲ್ಲ ಹುಲಿಯಪ್ಪನೇ ಕತೆಯ ಜೊತೆ ಹೇಳಿಕೊಂಡು ಬಂದಿದ್ದ ವಿವರಗಳು. ಆ ಮನುಷ್ಯನನ್ನು ಉಳಿಸುವ ಸಾಮಾನು ತನ್ನ ಕತೆಯಲ್ಲೇ ಇತ್ತೆಂದು ಅವನಿಗೆ ತಿಳಿದಿರಲಿಲ್ಲ. ಮಂಜುನಾಥಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸಿಯೇ ಒರೆಸಿದರು. "ಈ ಮಾತು ನಂಗೇ ಹೊಳೆದಿರಲಿಲ್ಲ ಕಣಮ್ಮ" ಎಂದರು. ಮುಖ ತಿಳಿಯಾಗಿತ್ತು. ಅರ್ಜಿಯನ್ನು ತುಂಬಿಸಿ, ಎಂಟನೇ ಕ್ಲಾಸು ಎಂದು ಬರೆದು, ಹುಲಿಯಪ್ಪನ ಕಡೆ ಚಾಚಿ, "ಹುಲಿಯಾ, ಮಗಳಿಗೆ ಚೆನ್ನಾಗಿ ಕಲಿಸಿದೀಯ" ಎಂದರು. ಹತ್ತನೇ ವಯಸ್ಸಿನಿಂದ ಅವರ ಬಾಯಿಂದ ಕೇಳಬೇಕೆಂದಿದ್ದ ಮಾತು ಅದೇ. ಈಗ ಅದು ಕೆನ್ನೆಗೆ ಹೊಡೆದ ಹಾಗಾಯಿತು. ರುಜುವಿಗೆ ಅವರು ಕೊಟ್ಟ ಪೆನ್ನನ್ನು ಅವನು ಮುಟ್ಟಲಿಲ್ಲ. ಮನೇಲಿ ಕೇಳಿ ಹಾಕ್ತೀನಿ ಎಂದು ಗೊಣಗಿ ಅರ್ಜಿಯನ್ನು ಮಡಚಿ ಹೊರಟುಬಂದ. ಬಸ್ಸಿನಲ್ಲಿ ವಿಶಾಲ, "ಅಪ್ಪಯ್ಯಾ, ಎದುರು ಅರ್ಥ ಸರಿ ಆಯ್ತಾ?" ಎಂದು ಕೇಳಿದಳು. ತಾನು ಮಾಡಿದ್ದೇನೆಂದು ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ. ಅದೇ ಅವನಿಗೆ ಸಹಿಸಲಾಗದೆ ಹೋದದ್ದು.

"ಬುತ್ತಿ ಕಟ್ಲಾ?" ಹೂವಮ್ಮ ಅಂಗಳದಿಂದ ಕೇಳಿದಳು. "ಹೊತ್ತಾಯ್ತು. ಬಸ್ಸು ಬರಾದ್ರೊಳಗೆ ರಸ್ತೆಗೆ ಹೋಗಿ ನಿಲ್ಬೇಕಲ್ಲ."

ವಿಶಾಲ ಚೀಲ ಹಿಡಿದು ಎದ್ದು ನಿಂತಳು. ಅಪ್ಪನ ಜೇಬನ್ನು ನೋಡಿದಳು. ಆ ನೋಟದಲ್ಲಿ ಇದ್ದದ್ದು ಬರೀ ಆಸೆ. ಹುಲಿಯಪ್ಪನಿಗೆ ಅದರಲ್ಲಿ ನಿನ್ನೆಯ ಕುರ್ಚಿ, ಕನ್ನಡಕ ಒರೆಸುವ ಕೈ, ಇಣುಕಿದ ಗುಮಾಸ್ತ ಎಲ್ಲ ಕಂಡವು. ಇವಳನ್ನು ಆ ಮನುಷ್ಯನ ಕೈಗೆ ಕೊಡಬೇಕು. ನಾಳೆಯಿಂದ ಇವಳು ಅವನ ಮುಂದೆ ಪದ್ಯ ಹೇಳುತ್ತಾಳೆ, ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ. ಆರು ವರ್ಷ ಬೆಳೆಸಿದ ಪೈರನ್ನು ಕೊಯ್ದುಕೊಂಡು ಹೋಗುವವನು ಅವನು. ಆಗುವುದಿಲ್ಲ. ಅವನು ಕಾಯಲಿ ನಾಲ್ಕು ಗಂಟೆಯವರೆಗೆ, ಬಾಗಿಲು ನೋಡುತ್ತ ಕಾಯಲಿ. ಬರಬೇಕಾದವರು ಬರದೇ ಇರುವುದು ಹೇಗಿರುತ್ತದೆ ಎಂದು ಅವನಿಗೂ ಒಮ್ಮೆ ಗೊತ್ತಾಗಲಿ. ಈ ಯೋಚನೆ ಬಂದದ್ದೇ ಹುಲಿಯಪ್ಪನಿಗೆ ನಿನ್ನೆಯಿಂದ ಹಿಡಿದಿದ್ದ ಎದೆ ಸಡಿಲಾಯಿತು. ಎಷ್ಟು ಸುಲಭವಿತ್ತು, ತನಗೆ ಯಾಕೆ ಮೊದಲೇ ಹೊಳೆಯಲಿಲ್ಲ ಎನ್ನಿಸಿತು.

"ಬುತ್ತಿ ಗಿತ್ತಿ ಎಂತದೂ ಬ್ಯಾಡ" ಎಂದ. "ವಿಶಾಲಿ, ಚೀಲ ಒಳಗಿಡು. ಹೋಗಿ ಹಪ್ಪಳ ಕಾಯಿ."

ಹೂವಮ್ಮ ಬಗ್ಗಿದ್ದವಳು ಹಾಗೆಯೇ ನಿಂತಳು. ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು. "ಕೆರಿಯಿ ಅದಾಳಲ್ಲ ಕಾಯಕ್ಕೆ" ಎಂದಳು ಮೆಲ್ಲಗೆ. ಅವನು ಮುಖ ತಿರುಗಿಸಿದಾಗ, "ಎಂತ ಮಾತು ಆಡ್ತಾ ಇದೀರಿ ಅಂತ ನಿಮ್ಗೆ ಗೊತ್ತದಾ? ಆ ಮಾತನ್ನ ಹದಿನೈದು ವರ್ಷದಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗದೆ" ಎಂದಳು.

"ಹೇಳಿದಷ್ಟು ಕೇಳಿ" ಎಂದ ಹುಲಿಯಪ್ಪ. ಯಾರಿಗೆ ಹೇಳಿದ್ದು ಎಂದು ಅವನಿಗೇ ಸ್ಪಷ್ಟವಿರಲಿಲ್ಲ.

ವಿಶಾಲ ಚೀಲವನ್ನು ಒಳಗಿಟ್ಟು ಬಂದಳು. ತಂಗಿಯ ಕೈಯಿಂದ ಕೋಲನ್ನು ತೆಗೆದುಕೊಂಡು, ಹಸಿರು ಲಂಗ ಕೊಳೆಯಾದೀತೆಂದು ನೋಡದೆ, ಚಾಪೆಯ ಪಕ್ಕ ಬಿಸಿಲಲ್ಲೇ ಕೂತಳು. ಹೂವಮ್ಮ ಕೆರಿಯಮ್ಮನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹುಲಿಯಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳಲು ಕೂತ, ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟಿತು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ದಿನವೂ ನಿಲ್ಲುವಲ್ಲಿ ಅದು ನಿಂತಿತು, ಯಾರೋ ಇಳಿದರು, ಕಂಡಕ್ಟರು ಈ ಕಡೆ ನೋಡಿ ಇನ್ನಷ್ಟು ಹೊತ್ತು ಕಾದಂತೆ ಕಂಡಿತು. ಆಮೇಲೆ ಹೊರಟುಹೋಯಿತು. ಕೆಂಪು ಧೂಳು ಎದ್ದು, ನಿಧಾನವಾಗಿ ಕೂತಿತು. ಗೆದ್ದೆ ಎಂದುಕೊಂಡ ಹುಲಿಯಪ್ಪ. ಇನ್ನೊಂದು ಸಲ ಅಂದುಕೊಂಡ.

ಆಗ ಅಂಗಳದಿಂದ ದನಿ ಬಂತು. ಮೊದಲು ಅವನು ಹಾಡೆಂದು ತಿಳಿದ. ಹಾಡಲ್ಲ, ಅರ್ಥ. ವಿಶಾಲ ಕಾಗೆಗಳ ಕಡೆಗೂ ಅಲ್ಲ, ಅವನ ಕಡೆಗೂ ಅಲ್ಲ, ಎದುರಿನ ಬೇಲಿಯನ್ನು ನೋಡುತ್ತ ಮಾತಾಡುತ್ತಿದ್ದಳು. ರಾಜನ ದನಿ ಅದಾಗಿರಲಿಲ್ಲ. ಆರು ವರ್ಷ ಎದುರು ಕೂತು ಕೇಳಿಸಿಕೊಂಡ ದೂತನ ದನಿ, ಅವನದೇ ಏರಿಳಿತ, ಅವನದೇ ನಿಲುಗಡೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ಉಸಿರು.

"ಆಸನ ಕೇಳಲು ಬಂದವಳಲ್ಲ ನಾನು. ಹಾಡಲು ಬರದವಳನ್ನು ಕಳಿಸಿದ್ದರೆ ನ್ಯಾಯವಿತ್ತು. ಬರುತ್ತದೆ ಎಂದು ಗೊತ್ತಿದ್ದೇ ಕಳಿಸಿದಿರಿ. ಕಲಿಸಿದವರೇ ಕಳಿಸಿದಿರಿ. ನಿಮಗಿದು ಮರೆತುಹೋದೀತು. ನನಗೆ ಮರೆಯುವುದಿಲ್ಲ. ಇನ್ನು ಇಪ್ಪತ್ತೇಳು ವರ್ಷ ಆದಮೇಲೂ ಈ ಅಂಗಳ, ಈ ಬಿಸಿಲು, ಹೊರಟುಹೋದ ಆ ಬಸ್ಸು, ಒಂದೊಂದನ್ನೂ ಹೇಳುತ್ತೇನೆ. ಈಗ ಹೇಳಿ. ನಿಮ್ಮ ಪಕ್ಷಕ್ಕೆ ನ್ಯಾಯವೇನಾದರೂ ಉಂಟೇ?"

ಎಲ್ಲಿಯೂ ತಪ್ಪಲಿಲ್ಲ. ಅನುಭವಿಸಿದವರ ಪಾತ್ರ ಅದು. ಹೇಳಿ ಮುಗಿಸಿ ಅವಳು ಕೋಲನ್ನು ಮಡಿಲಲ್ಲಿಟ್ಟುಕೊಂಡಳು, ಕೂಟದ ಕ್ರಮದಂತೆ ಎದುರಿನವರ ಮಾತಿಗೆ ಕಾದಳು. ಕಾಗೆಯೊಂದು ಚಾಪೆಗೆ ಇಳಿದು ಹಪ್ಪಳವನ್ನು ಕಚ್ಚಿಕೊಂಡು ಹೋಯಿತು. ಅವಳು ಅಲುಗಲಿಲ್ಲ. ಹುಲಿಯಪ್ಪ ಎದ್ದು ಜಗಲಿಯ ಅಂಚಿಗೆ ಬಂದ. ಜೇಬಿಗೆ ಕೈ ಹೋಯಿತು. ಅರ್ಜಿ ಬೆವರಿಗೆ ಮೆತ್ತಗಾಗಿತ್ತು. ಈಗ ಮಾತು ಅವನದು, ಸುಮ್ಮನಿರುವಂತಿಲ್ಲ. ಅವನು ಬಾಯಿ ತೆರೆದ. ರಾಜ ಇಲ್ಲಿ ಏನು ಹೇಳುತ್ತಾನೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆರು ವರ್ಷ ದಿನವೂ ಅದನ್ನು ಹೇಳಿದವಳು ಅವಳು. ಅವನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ, ತನ್ನ ಸರದಿ ಬರಲಿ ಎಂದು ಕಾಯುತ್ತಿದ್ದ, ಅಷ್ಟೆ.